ರೀಬಿಲ್ಡ್ ಆದ ಎಂಜಿನ್‌ಗೆ ಕೂಲಿಂಗ್ ಲೈನ್ ಜೋಡಿಸುವುದು: ನೀರಿನ ಜೊತೆ ಗಾಳಿಯ ದಾರಿಯನ್ನೂ ನೋಡಿ

ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಎಂಜಿನ್ ಜೋಡಿಸಿ ಆಯಿತು. ಇನ್ನೇನು ಎರಡು ಹೋಸ್ ಸಿಕ್ಕಿಸಿ ನೀರು ಸುರಿದರೆ ಮುಗೀತು ಅಲ್ವಾ? ಇಲ್ಲ. ಹೊಸದಾಗಿ ಕಟ್ಟಿದ ಎಂಜಿನ್‌ಗೆ ಮೊದಲ ಅರ್ಧ ಗಂಟೆಯೇ ಅತಿ ಕಷ್ಟದ ಸಮಯ. ರಿಂಗ್ ಇನ್ನೂ ಬೋರ್‌ಗೆ ಕೂತಿರುವುದಿಲ್ಲ, ಎಲ್ಲ ಕಡೆ ಬಿಗಿ, ಉಜ್ಜಾಟ ಜಾಸ್ತಿ, ಹಾಗಾಗಿ ಬಿಸಿಯೂ ಜಾಸ್ತಿ. ಹಳೇ ತರಹದ ಫ್ಲಾಟ್ ಟ್ಯಾಪೆಟ್ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್, ಇದರ ಉಬ್ಬುಗಳು ಚಪ್ಪಟೆ ತಳದ ಟ್ಯಾಪೆಟ್ ಮೇಲೆ ಉಜ್ಜುತ್ತವೆ) ಹೊಸದಾಗಿ ಹಾಕಿದ್ದರಂತೂ ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂನಲ್ಲಿ ಸುಮಾರು 20 ನಿಮಿಷ ಓಡಿಸಬೇಕಾಗುತ್ತದೆ, ಸುಮ್ನೆ ಐಡಲ್‌ನಲ್ಲಿ ಬಿಟ್ಟು ಕೂರುವ ಹಾಗಿಲ್ಲ. ಆಗ ಮಧ್ಯದಲ್ಲಿ ನೀರು ಕುದಿಯಿತು ಅಂತ ನಿಲ್ಲಿಸಿದರೆ ಕ್ಯಾಮ್‌ಗೆ ಪೆಟ್ಟು, ನಿಲ್ಲಿಸದಿದ್ದರೆ ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ಗೆ ಪೆಟ್ಟು. ಅದಕ್ಕೇ ಕೂಲಿಂಗ್ ಕೆಲಸ ಸ್ಟಾರ್ಟ್ ಮಾಡುವ ಮೊದಲೇ ಪೂರ್ತಿ ಸರಿಯಾಗಿರಬೇಕು.

ನೀರಿಗೆ ದಾರಿ ಮಾಡುವುದು ಎಲ್ಲರಿಗೂ ಗೊತ್ತು. ಗಾಳಿಗೆ ದಾರಿ ಮಾಡುವುದನ್ನು ಮರೆಯುತ್ತಾರೆ. ಒಣಗಿದ ಬ್ಲಾಕ್, ಒಣಗಿದ ಹೆಡ್, ಒಣಗಿದ ರೇಡಿಯೇಟರ್, ಎಲ್ಲದರಲ್ಲೂ ತುಂಬಿರುವುದು ಗಾಳಿ. ಅದು ಹೊರಗೆ ಹೋಗದೆ ನೀರು ಒಳಗೆ ಬರುವುದಿಲ್ಲ. ಕೆಳಗೆ ಹೇಳುವ ಅರ್ಧ ಮಾತು ಇದರ ಬಗ್ಗೆಯೇ.

ಮೊದಲು ಕಾಗದದ ಮೇಲೆ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಎಂಜಿನ್‌ನ ಸರ್ಕ್ಯೂಟ್ ಬರೆಯಿರಿ. ಸಾಮಾನ್ಯವಾಗಿ ಇರುವುದು ಹೀಗೆ: ವಾಟರ್ ಪಂಪ್ ನೀರನ್ನು ಬ್ಲಾಕ್‌ಗೆ ತಳ್ಳುತ್ತದೆ, ಅದು ಸಿಲಿಂಡರ್ ಸುತ್ತ ಹರಿದು ಹೆಡ್‌ಗೆ ಏರುತ್ತದೆ, ಹೆಡ್‌ನಿಂದ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ತೆರೆಯುವ ವಾಲ್ವ್) ದಾಟಿ ಮೇಲಿನ ಹೋಸ್ ಮೂಲಕ ರೇಡಿಯೇಟರ್‌ಗೆ, ಅಲ್ಲಿ ತಣ್ಣಗಾಗಿ ಕೆಳಗಿನ ಹೋಸ್ ಮೂಲಕ ಮತ್ತೆ ಪಂಪ್‌ಗೆ. ಥರ್ಮೋಸ್ಟಾಟ್ ಮುಚ್ಚಿದ್ದಾಗ ಬೈಪಾಸ್ ಹೋಸ್ ಮತ್ತು ಹೀಟರ್ ಲೈನ್ ಮೂಲಕ ಎಂಜಿನ್ ಒಳಗೇ ಸುತ್ತುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪಂಪ್ ಹೀರುವ ಬದಿಯಲ್ಲಿರುತ್ತದೆ, ಇನ್ನು ಕೆಲವು ಹೆಡ್‌ಗೆ ಮೊದಲು ನೀರು ಕಳಿಸುತ್ತವೆ. ಹಾಗಾಗಿ ನಿಮ್ಮ ಎಂಜಿನ್‌ನ ಮ್ಯಾನುಯಲ್ ನೋಡಿಯೇ ಬರೆಯಿರಿ, ಬೇರೆ ಗಾಡಿಯಲ್ಲಿ ನೋಡಿದ್ದನ್ನು ನೆನಪಿಟ್ಟುಕೊಂಡು ಅಲ್ಲ.

ಬರೆದ ಮೇಲೆ ಎರಡು ಗುರುತು ಹಾಕಿ. ಒಂದು, ಪಂಪ್ ಹೀರುವ ಬದಿ ಯಾವುದು. ಇನ್ನೊಂದು, ಇಡೀ ಸರ್ಕ್ಯೂಟ್‌ನಲ್ಲಿ ಅತಿ ಎತ್ತರದ ಜಾಗ ಯಾವುದು. ಆ ಎತ್ತರದ ಜಾಗ ರೇಡಿಯೇಟರ್ ಕ್ಯಾಪ್ ಆಗಿದ್ದರೆ ನಿಮ್ಮ ಕೆಲಸ ಅರ್ಧ ಸುಲಭ. ಎಂಜಿನ್‌ನ ಮೇಲ್ಭಾಗವೇ ರೇಡಿಯೇಟರ್‌ಗಿಂತ ಎತ್ತರ ಇದ್ದರೆ, ಎಂಜಿನ್ ಬದಲಾಯಿಸಿದ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ, ಗಾಳಿ ಹೆಡ್‌ನಲ್ಲೇ ಕೂತುಬಿಡುತ್ತದೆ. ಅದಕ್ಕೆ ಬೇರೆ ಏರ್ಪಾಡು ಬೇಕು, ಮುಂದೆ ಹೇಳುತ್ತೇನೆ.

ಬ್ಲಾಕ್ ಒಳಗೆ ಏನಿದೆ ನೋಡಿ

ಮೆಷಿನ್ ಶಾಪ್‌ನಿಂದ ಬಂದ ಬ್ಲಾಕ್ ಹೊರಗೆ ಹೊಳೆಯುತ್ತಿರಬಹುದು, ಆದರೆ ವಾಟರ್ ಜಾಕೆಟ್‌ನ (ಸಿಲಿಂಡರ್ ಸುತ್ತ ನೀರು ಹರಿಯುವ ಟೊಳ್ಳು) ತಳದಲ್ಲಿ ತುಕ್ಕಿನ ಪುಡಿ, ಎರಕದ ಮರಳು, ಲೋಹದ ಚೂರು ಉಳಿದಿರುವುದು ಸಾಮಾನ್ಯ. ಹಿಂದಿನ ಸಿಲಿಂಡರ್ ಸುತ್ತ ಇದು ಜಾಸ್ತಿ, ಏಕೆಂದರೆ ನೀರಿನ ಓಟ ಅಲ್ಲಿ ಕಡಿಮೆ. ಫ್ರೀಜ್ ಪ್ಲಗ್ (ಬ್ಲಾಕ್‌ನ ಗೋಡೆಯ ದೊಡ್ಡ ತೂತು ಮುಚ್ಚುವ ಲೋಹದ ಬಿಲ್ಲೆ) ಹಾಕುವ ಮೊದಲೇ, ಆ ದೊಡ್ಡ ತೂತುಗಳ ಮೂಲಕ ಟಾರ್ಚ್ ಬಿಟ್ಟು ನೋಡಿ. ಗಟ್ಟಿ ತಂತಿಯಿಂದ ಕೆದಕಿ, ಜೋರಾದ ನೀರು ಬಿಡಿ, ಬರುವ ನೀರು ತಿಳಿಯಾಗುವವರೆಗೂ ನಿಲ್ಲಿಸಬೇಡಿ. ಬ್ಲಾಕ್‌ನ ಡ್ರೇನ್ ಪ್ಲಗ್ ಬಿಚ್ಚಿದರೂ ನೀರು ಬರುತ್ತಿಲ್ಲ ಅಂದರೆ ಅದರ ಹಿಂದೆ ಕೆಸರು ಗಟ್ಟಿಯಾಗಿ ಕೂತಿದೆ ಅಂತ ಅರ್ಥ, ತಂತಿ ಚುಚ್ಚಿ ತೆಗೆಯಿರಿ. ಬೋರ್‌ಗಳಿಗೆ ನೀರು ತಾಗಿದ್ದರೆ ತಕ್ಷಣ ಒರೆಸಿ ಎಣ್ಣೆ ಸವರಿ, ಹೊಸ ಬೋರ್‌ಗೆ ತುಕ್ಕು ಹಿಡಿಯಲು ಹೆಚ್ಚು ಹೊತ್ತು ಬೇಡ. ಎಂಜಿನ್ ಆಗಲೇ ಜೋಡಿಸಿಬಿಟ್ಟಿದ್ದರೆ ಕನಿಷ್ಠ ಡ್ರೇನ್ ಪ್ಲಗ್ ಬಿಚ್ಚಿ, ಥರ್ಮೋಸ್ಟಾಟ್ ಬಾಯಿಂದ ನೀರು ಹಾಯಿಸಿ ತೊಳೆಯಿರಿ.

ಫ್ರೀಜ್ ಪ್ಲಗ್ ಹಿತ್ತಾಳೆಯದು ಸಿಕ್ಕರೆ ಅದನ್ನೇ ಹಾಕಿ, ತುಕ್ಕು ಹಿಡಿಯುವುದಿಲ್ಲ. ಕೂರುವ ಜಾಗ ಹೊಳೆಯುವ ಹಾಗೆ ಉಜ್ಜಿ, ತೆಳುವಾಗಿ ಸೀಲರ್ ಸವರಿ, ಅಳತೆಗೆ ಸರಿಯಾದ ಡ್ರೈವರ್‌ನಿಂದ ನೇರವಾಗಿ ಒಳಗೆ ಬಡಿಯಿರಿ. ಓರೆಯಾಗಿ ಕೂತ ಪ್ಲಗ್ ಇವತ್ತಲ್ಲ ನಾಳೆ ಸೋರುತ್ತದೆ, ಮತ್ತು ಗೇರ್‌ಬಾಕ್ಸ್ ಬದಿಯಲ್ಲಿರುವ ಪ್ಲಗ್ ಸೋರಿದರೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ.

ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಒಂದು ಮಾತು. ಬ್ಲಾಕ್‌ನಲ್ಲಿ ದೊಡ್ಡ ನೀರಿನ ತೂತು ಇರುತ್ತದೆ, ಗ್ಯಾಸ್ಕೆಟ್‌ನಲ್ಲಿ ಅದೇ ಜಾಗದಲ್ಲಿ ಸಣ್ಣ ತೂತು, ಅಥವಾ ತೂತೇ ಇರುವುದಿಲ್ಲ. ಇದು ತಪ್ಪಲ್ಲ. ನೀರು ಪಂಪ್ ಹತ್ತಿರದ ಮುಂದಿನ ತೂತುಗಳಲ್ಲೇ ಮೇಲೇರಿ ಹೋಗದೆ, ಹಿಂದಿನ ಸಿಲಿಂಡರ್‌ವರೆಗೂ ಹೋಗಿ ಮೇಲೆ ಏರಲಿ ಅಂತ ಹಾಗೆ ಮಾಡಿರುತ್ತಾರೆ. ದಯವಿಟ್ಟು ಆ ತೂತುಗಳನ್ನು ದೊಡ್ಡದು ಮಾಡಬೇಡಿ. ಗ್ಯಾಸ್ಕೆಟ್ ಹಿಂದುಮುಂದಾಗಿ ಕೂತರೂ ಇದೇ ತೊಂದರೆ, ಮುಂದಿನ ಬದಿಯ ಗುರುತು ಎರಡು ಸಲ ನೋಡಿ. ಹೆಡ್ ಬೋಲ್ಟ್ ಅಥವಾ ಸ್ಟಡ್ ವಾಟರ್ ಜಾಕೆಟ್‌ವರೆಗೂ ಇಳಿಯುವ ಎಂಜಿನ್ ಆದರೆ ಆ ಥ್ರೆಡ್‌ಗೆ ಸೀಲರ್ ಬೇಕೇ ಬೇಕು. ಇಲ್ಲದಿದ್ದರೆ ನೀರು ಥ್ರೆಡ್ ಹಿಡಿದು ಮೇಲೆ ಬಂದು ಎಣ್ಣೆಗೆ ಸೇರುತ್ತದೆ.

ಪಂಪ್ ಮತ್ತು ಥರ್ಮೋಸ್ಟಾಟ್

ಇಡೀ ಎಂಜಿನ್ ರೀಬಿಲ್ಡ್ ಮಾಡಿ ಹಳೇ ವಾಟರ್ ಪಂಪ್ ಹಾಕುವುದು ಬೇಡ. ಹೊಸದು ತರುವಾಗ ತಿರುಗುವ ದಿಕ್ಕು ನೋಡಿ. ಒಂದೇ ಎಂಜಿನ್‌ಗೆ ವಿ ಬೆಲ್ಟ್ ಇದ್ದಾಗ ಒಂದು ದಿಕ್ಕು, ಉದ್ದದ ಚಪ್ಪಟೆ ಬೆಲ್ಟ್‌ನ ಬೆನ್ನು ಪಂಪ್ ಪುಲ್ಲಿಯನ್ನು ತಿರುಗಿಸುವಾಗ ಉಲ್ಟಾ ದಿಕ್ಕು ಇರುವುದುಂಟು. ಹೊರಗಿನಿಂದ ಎರಡೂ ಪಂಪ್ ಒಂದೇ ತರಹ ಕಾಣುತ್ತವೆ, ಒಳಗೆ ರೆಕ್ಕೆಗಳ ಬಾಗು ಮಾತ್ರ ಬೇರೆ. ತಪ್ಪು ಪಂಪ್ ಹಾಕಿದರೆ ಎಲ್ಲಿಯೂ ಸೋರುವುದಿಲ್ಲ, ಸದ್ದೂ ಇರುವುದಿಲ್ಲ, ಎಂಜಿನ್ ಮಾತ್ರ ಬಿಸಿಯಾಗುತ್ತಲೇ ಇರುತ್ತದೆ. ಪಂಪ್‌ನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅದನ್ನು ಮುಚ್ಚಬೇಡಿ. ಒಳಗಿನ ಸೀಲ್ ಹೋದರೆ ನೀರು ಬೇರಿಂಗ್‌ಗೆ ಹೋಗದೆ ಹೊರಗೆ ಬರಲಿ ಅಂತಲೇ ಅದು ಇರುವುದು.

ಗ್ಯಾಸ್ಕೆಟ್‌ಗೆ ಸಿಲಿಕೋನ್ ಸವರುವಾಗ ಕೈ ಬಿಗಿ ಹಿಡಿಯಿರಿ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ಕಿತ್ತುಬಂದು ರೇಡಿಯೇಟರ್‌ನ ಸಪೂರ ಟ್ಯೂಬ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪೇಪರ್ ಗ್ಯಾಸ್ಕೆಟ್‌ಗೆ ಎರಡೂ ಬದಿ ತೆಳುವಾದ ಒಂದು ಪದರ ಸಾಕು.

ಥರ್ಮೋಸ್ಟಾಟ್ ಹಾಕುವ ಮೊದಲು ಪರೀಕ್ಷೆ ಮಾಡಿ, ಹೊಸದಾದರೂ ಮಾಡಿ. ಪಾತ್ರೆಯಲ್ಲಿ ನೀರು ಕಾಯಿಸಿ, ಥರ್ಮೋಸ್ಟಾಟ್‌ಗೆ ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. 82 ಡಿಗ್ರಿ ಅಂತ ಬರೆದಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರು ಮಾಡಬೇಕು, ಅದಕ್ಕಿಂತ 10-15 ಡಿಗ್ರಿ ಮೇಲೆ ಪೂರ್ತಿ ತೆರೆದಿರಬೇಕು. ಕೂರಿಸುವಾಗ ಮೇಣ ತುಂಬಿದ ಉಬ್ಬು ಭಾಗ ಎಂಜಿನ್ ಕಡೆಗೆ. ಕೆಲವು ಥರ್ಮೋಸ್ಟಾಟ್‌ಗಳ ತಟ್ಟೆಯಲ್ಲಿ ಅಲ್ಲಾಡುವ ಒಂದು ಪುಟ್ಟ ಪಿನ್ ಇರುತ್ತದೆ. ಅದು ಗಾಳಿಯನ್ನು ದಾಟಿಸುವ ಬಾಗಿಲು. ಥರ್ಮೋಸ್ಟಾಟ್ ನಿಂತ ಹಾಗೆ ಕೂರುವ ಎಂಜಿನ್‌ನಲ್ಲಿ ಆ ಪಿನ್ ಮೇಲ್ಗಡೆಗೇ ಬರಬೇಕು, ಪಕ್ಕಕ್ಕೋ ಕೆಳಗೋ ಬಂದರೆ ಇದ್ದೂ ಪ್ರಯೋಜನವಿಲ್ಲ. ಪಿನ್ ಇಲ್ಲದಿದ್ದರೆ ತಟ್ಟೆಯ ಅಂಚಿನಲ್ಲಿ 3 ಮಿಲಿಮೀಟರ್‌ನ ಒಂದು ತೂತು ಕೊರೆಯಬಹುದು. ಎಂಜಿನ್ ಬಿಸಿಯಾಗುವುದು ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ.

ಬಿಸಿ ಆಗುತ್ತದೆ ಅಂತ ಥರ್ಮೋಸ್ಟಾಟನ್ನೇ ತೆಗೆದು ಹಾಕುವ ಅಭ್ಯಾಸ ಬಹಳ ಜನಕ್ಕೆ ಇದೆ. ನನಗೆ ಇದು ಸುತಾರಾಂ ಇಷ್ಟವಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಗಿನ ತಟ್ಟೆ ಬೈಪಾಸ್ ತೂತನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಬೈಪಾಸ್ ಯಾವಾಗಲೂ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗುವುದೇ ಇಲ್ಲ. ತಂಪಾಗಲಿ ಅಂತ ತೆಗೆದದ್ದು ಬಿಸಿ ಮಾಡುತ್ತದೆ.

ಹೋಸ್‌ಗಳು

ಕೆಳಗಿನ ಹೋಸ್ ಪಂಪ್ ಹೀರುವ ಬದಿಯದು. ಎಂಜಿನ್ ವೇಗ ಏರಿದಾಗ ಮೆದುವಾದ ಹೋಸ್ ಆದರೆ ಸ್ಟ್ರಾ ಜೋರಾಗಿ ಹೀರಿದಾಗ ಆಗುವ ಹಾಗೆ ಒಳಕ್ಕೆ ಕುಗ್ಗಿ ಚಪ್ಪಟೆಯಾಗುತ್ತದೆ. ಐಡಲ್‌ನಲ್ಲಿ ನೋಡಿದರೆ ಸರಿಯಾಗೇ ಇರುತ್ತದೆ, ರಸ್ತೆಗೆ ಹೋದ ಮೇಲೆ ಬಿಸಿ. ಹಳೇ ಹೋಸ್ ಒಳಗೆ ಸ್ಪ್ರಿಂಗ್ ಇದ್ದರೆ ಹೊಸದರಲ್ಲೂ ಹಾಕಿ, ಅಥವಾ ಗಟ್ಟಿ ಪದರ ಇರುವ ಅಚ್ಚಿನ ಹೋಸ್ ತನ್ನಿ. ಎಲ್ಲ ಕಡೆ ಬಗ್ಗುವ ಮಡಿಕೆ ಮಡಿಕೆ ಹೋಸ್ ತಾತ್ಕಾಲಿಕಕ್ಕೆ ಸರಿ, ಖಾಯಂ ಕೆಲಸಕ್ಕೆ ಬೇಡ. ನಿಮಗೆ ಬೇಕಾದ ಬಾಗು ಒಂದೇ ಹೋಸ್‌ನಲ್ಲಿ ಸಿಗದಿದ್ದರೆ ಎರಡು ಅಚ್ಚಿನ ಹೋಸ್ ತುಂಡುಗಳ ಮಧ್ಯೆ ಲೋಹದ ಪೈಪ್ ಹಾಕಿ ಸೇರಿಸಿ. ಆ ಪೈಪ್‌ನ ಎರಡೂ ತುದಿಯಲ್ಲಿ ಉಬ್ಬಿದ ಅಂಚು ಇರಲೇಬೇಕು, ನುಣ್ಣಗಿನ ಪೈಪ್ ಮೇಲೆ ಕ್ಲಿಪ್ ಎಷ್ಟೇ ಬಿಗಿದರೂ ಒತ್ತಡಕ್ಕೆ ಹೋಸ್ ಜಾರುತ್ತದೆ.

ಹೋಸ್ ಕೂರುವ ಅಲ್ಯೂಮಿನಿಯಂ ಬಾಯಿಗಳನ್ನು ಬೆರಳಿಂದ ಸವರಿ ನೋಡಿ. ಬಿಳಿ ಪುಡಿ, ಸಣ್ಣ ಗುಂಡಿ ಸಿಕ್ಕರೆ ನಯವಾದ ಮರಳು ಕಾಗದದಿಂದ ಸುತ್ತಲೂ ಉಜ್ಜಿ, ಉದ್ದುದ್ದಕ್ಕೆ ಉಜ್ಜಬೇಡಿ, ಆ ಗೀರುಗಳೇ ನೀರು ಬರುವ ಕಾಲುವೆ ಆಗುತ್ತವೆ. ಗುಂಡಿ ಆಳವಾಗಿದ್ದರೆ ಆ ಭಾಗವನ್ನೇ ಬದಲಾಯಿಸಿ. ಹೋಸ್ ಏರಿಸಲು ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸ್ವಲ್ಪ ಕೂಲಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಸವರಿದರೆ ಸಾಕು, ಸಲೀಸಾಗಿ ಏರುತ್ತದೆ. ಕ್ಲಿಪ್ ಉಬ್ಬಿದ ಅಂಚಿನ ಮೇಲೆ ಅಲ್ಲ, ಅದನ್ನು ದಾಟಿ ಹಿಂದೆ ಕೂರಬೇಕು. ಹೋಸ್ ತುದಿಯಿಂದ ನಾಲ್ಕೈದು ಮಿಲಿಮೀಟರ್ ಒಳಗೆ ಇರಲಿ. ಸ್ಕ್ರೂ ಕ್ಲಿಪ್ ಹಾಕುವಾಗ ಗಾಡಿಯಲ್ಲಿ ಕೂತ ಮೇಲೆ ಸ್ಕ್ರೂಡ್ರೈವರ್ ಹೋಗುವ ಹಾಗೆ ತಿರುಗಿಸಿಡಿ, ಮುಂದೆ ಬಿಗಿಯುವುದು ಇದ್ದೇ ಇದೆ. ಸಿಲಿಕೋನ್ ಹೋಸ್ ಹಾಕುವವರು ಒಳಗೆ ನುಣ್ಣಗಿನ ಪಟ್ಟಿ ಇರುವ ಕ್ಲಿಪ್ ತನ್ನಿ, ತೂತು ತೂತಿನ ಪಟ್ಟಿ ಅದನ್ನು ಕತ್ತರಿಸುತ್ತದೆ. ಸ್ಪ್ರಿಂಗ್ ಕ್ಲಿಪ್ ಹಳೆಯ ಕಾಲದ್ದು ಅಂತ ಬಿಸಾಡಬೇಡಿ. ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಹೋಸನ್ನು ಅದು ಒಂದೇ ಹಿಡಿತದಲ್ಲಿ ಹಿಡಿದಿರುತ್ತದೆ.

ಎಂಜಿನ್ ಅದರ ಮೌಂಟ್ ಮೇಲೆ ಅಲುಗುತ್ತದೆ, ರೇಡಿಯೇಟರ್ ಅಲುಗುವುದಿಲ್ಲ. ಹಾಗಾಗಿ ಹೋಸ್ ಎಳೆದು ಕಟ್ಟಿದ ಹಾಗೆ ಇರಬಾರದು. ಬೆಲ್ಟ್, ಫ್ಯಾನ್, ಎಕ್ಸಾಸ್ಟ್, ಚೂಪಾದ ಬ್ರಾಕೆಟ್, ಇವುಗಳಿಂದ ದೂರ ಇರಲಿ.

ಹೀಟರ್ ಲೈನ್‌ಗೆ ಎಂಜಿನ್‌ನ ಬಿಸಿ ಬದಿಯಿಂದ ನೀರು ಹೋಗಿ, ಪಂಪ್ ಹೀರುವ ಬದಿಗೆ ವಾಪಸ್ ಬರಬೇಕು. ಹೀಟರ್ ಬೇಡ ಅಂತ ತೆಗೆದವರು ಎರಡೂ ಬಾಯಿ ಮುಚ್ಚುವ ಮೊದಲು ಆ ಕಾಗದ ಮತ್ತೆ ನೋಡಿ. ನಿಮ್ಮ ಎಂಜಿನ್‌ಗೆ ಬೇರೆ ಬೈಪಾಸ್ ಇಲ್ಲದೆ ಹೀಟರ್ ಲೈನೇ ಬೈಪಾಸ್ ಆಗಿದ್ದರೆ ಎರಡನ್ನೂ ಒಂದು ಹೋಸ್‌ನಿಂದ ಜೋಡಿಸಬೇಕು, ಮುಚ್ಚಬಾರದು. ಮುಚ್ಚಿದರೆ ಥರ್ಮೋಸ್ಟಾಟ್ ತೆರೆಯುವ ತನಕ ನೀರು ನಿಂತಲ್ಲೇ ನಿಂತು ಹೆಡ್‌ನ ಒಂದೊಂದು ಜಾಗದಲ್ಲಿ ಕುದಿಯುತ್ತದೆ.

ಗಾಳಿಯ ದಾರಿ

ಈಗ ಮುಖ್ಯ ವಿಷಯ. ಗಾಳಿ ಮೇಲಕ್ಕೇ ಹೋಗುತ್ತದೆ. ನಾವು ಮಾಡಬೇಕಾದದ್ದು ಇಷ್ಟೇ: ಎತ್ತರದ ಪ್ರತಿಯೊಂದು ಜಾಗದಿಂದ ಇನ್ನೂ ಎತ್ತರದ ಒಂದು ಬಾಯಿಗೆ ದಾರಿ ಬಿಡುವುದು. ಮೇಲಿನ ಹೋಸ್ ಎಂಜಿನ್‌ನಿಂದ ರೇಡಿಯೇಟರ್‌ಗೆ ಏರುತ್ತಲೇ ಹೋಗಬೇಕು, ಮಧ್ಯದಲ್ಲಿ ಗೂನು ಬಂದು ಮತ್ತೆ ಇಳಿದರೆ ಆ ಗೂನಿನಲ್ಲಿ ಗಾಳಿ ನಿಲ್ಲುತ್ತದೆ. ಗೂನು ತಪ್ಪಿಸಲು ಆಗದಿದ್ದರೆ ಅಲ್ಲೇ ಗಾಳಿ ಬಿಡಲು ಒಂದು ಬ್ಲೀಡ್ ಸ್ಕ್ರೂ ಹಾಕಿ.

ಎಂಜಿನ್ ರೇಡಿಯೇಟರ್‌ಗಿಂತ ಎತ್ತರ ಇದ್ದರೆ ಒತ್ತಡ ತಡೆಯುವ ಎಕ್ಸ್‌ಪಾನ್ಷನ್ ಟ್ಯಾಂಕ್ ಹಾಕುವುದೇ ಸರಿಯಾದ ದಾರಿ. ಅದು ಇಡೀ ಸರ್ಕ್ಯೂಟ್‌ಗಿಂತ ಎತ್ತರದಲ್ಲಿ ಕೂರಬೇಕು. ಅದರ ತಳದಿಂದ ದಪ್ಪ ಹೋಸ್, 19 ಮಿಲಿಮೀಟರ್ ಆದರೆ ಒಳ್ಳೆಯದು, ಪಂಪ್ ಹೀರುವ ಬದಿಗೆ. ರೇಡಿಯೇಟರ್‌ನ ಮೇಲ್ತುದಿಯಿಂದ ಮತ್ತು ಹೆಡ್‌ನ ಎತ್ತರದ ಜಾಗದಿಂದ 6ರಿಂದ 8 ಮಿಲಿಮೀಟರ್‌ನ ಸಣ್ಣ ಲೈನ್‌ಗಳು ಟ್ಯಾಂಕ್‌ನ ಮೇಲ್ಭಾಗಕ್ಕೆ. ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ಗಾಳಿ ಬೆರೆತ ನೀರು ಸಣ್ಣ ಲೈನ್‌ನಲ್ಲಿ ಟ್ಯಾಂಕ್‌ಗೆ ಬರುತ್ತದೆ, ಗಾಳಿ ಅಲ್ಲೇ ಉಳಿಯುತ್ತದೆ, ಬರೀ ನೀರು ದಪ್ಪ ಹೋಸ್‌ನಲ್ಲಿ ಪಂಪ್‌ಗೆ ವಾಪಸ್. ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಎಲ್‌ಎಸ್ ಎಂಜಿನ್‌ಗಳ ಹೆಡ್ ಮೇಲೆ ಇದಕ್ಕೇ ಅಂತ ಸ್ಟೀಮ್ ಪೋರ್ಟ್ ಇರುತ್ತವೆ. ಬೇರೆ ಗಾಡಿಗೆ ಆ ಎಂಜಿನ್ ಕೂರಿಸುವವರು ಅವನ್ನು ಪ್ಲಗ್ ಮಾಡಿ ಮುಚ್ಚಿಬಿಡುವುದುಂಟು. ಮುಚ್ಚಬೇಡಿ, ಟ್ಯಾಂಕ್‌ಗೋ ರೇಡಿಯೇಟರ್‌ನ ಮೇಲ್ತುದಿಗೋ ಲೈನ್ ಎಳೆಯಿರಿ.

ಇಡೀ ಸಿಸ್ಟಮ್‌ಗೆ ಒತ್ತಡ ಬಿಡುವ ಕ್ಯಾಪ್ ಒಂದೇ ಇರಬೇಕು. ಟ್ಯಾಂಕ್ ಮೇಲೆ ಅದು ಇದ್ದರೆ ರೇಡಿಯೇಟರ್ ಮೇಲೆ ವಾಲ್ವ್ ಇಲ್ಲದ ಬರೀ ಮುಚ್ಚಳ. ನೀರು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗುವ ಅಡ್ಡ ಹರಿವಿನ ರೇಡಿಯೇಟರ್ ಆದರೆ ಕ್ಯಾಪ್ ನೀರು ಹೊರಹೋಗುವ ಬದಿಯ ರೇಡಿಯೇಟರ್ ಟ್ಯಾಂಕ್ ಮೇಲಿರುವುದು ಮೇಲು, ಇಲ್ಲದಿದ್ದರೆ ಎಂಜಿನ್ ವೇಗದಲ್ಲಿದ್ದಾಗ ಪಂಪ್‌ನ ಒತ್ತಡವೂ ಸೇರಿ ಕ್ಯಾಪನ್ನು ಎತ್ತುತ್ತದೆ. ಕ್ಯಾಪ್ ಸಣ್ಣ ವಸ್ತು ಅಂತ ಹಳೆಯದನ್ನೇ ಹಾಕಬೇಡಿ. 1 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ, ಕ್ಯಾಪ್ ಹಿಡಿಯದಿದ್ದರೆ ಸಮುದ್ರ ಮಟ್ಟದಲ್ಲಿ 100ಕ್ಕೇ. ಕ್ಯಾಪ್ ಹತ್ತಿರದಿಂದ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುವ ಟ್ಯೂಬ್ ಅದರ ತಳದವರೆಗೂ ಮುಳುಗಿರಬೇಕು. ಎಂಜಿನ್ ತಣ್ಣಗಾಗುವಾಗ ಅಲ್ಲಿಂದ ನೀರು ವಾಪಸ್ ಹೀರುತ್ತದೆ, ಟ್ಯೂಬ್ ಮೇಲೆ ಇದ್ದರೆ ಹೀರುವುದು ಗಾಳಿ.

ಟೆಂಪರೇಚರ್ ಸೆನ್ಸರ್ ಬಗ್ಗೆ ಎರಡು ಮಾತು. ಅದು ಥರ್ಮೋಸ್ಟಾಟ್‌ನ ಎಂಜಿನ್ ಬದಿಯಲ್ಲಿರಬೇಕು, ನೀರಲ್ಲಿ ಮುಳುಗಿರಬೇಕು. ಒಂದೇ ವೈರ್ ಇರುವ ಸೆನ್ಸರ್‌ಗೆ ಥ್ರೆಡ್ ಮೂಲಕವೇ ಅರ್ಥಿಂಗ್ ಸಿಗುವುದು, ಹಾಗಾಗಿ ಟೆಫ್ಲಾನ್ ಟೇಪ್ ಸುತ್ತು ಸುತ್ತು ಸುತ್ತಬೇಡಿ, ಮೀಟರ್ ತಪ್ಪು ತೋರಿಸುತ್ತದೆ.

ಒತ್ತಡದ ಪರೀಕ್ಷೆ, ಆಮೇಲೆ ತುಂಬಿಸುವುದು

ನನ್ನ ಪ್ರಕಾರ ಮೊದಲ ಸಲ ತುಂಬಬೇಕಾದದ್ದು ಬರೀ ಶುದ್ಧ ನೀರು, ಸ್ಟಾರ್ಟ್ ಮಾಡದೆ, ಪರೀಕ್ಷೆಗೆ ಮಾತ್ರ. ಹೆಡ್ ಗ್ಯಾಸ್ಕೆಟ್‌ನಲ್ಲೋ ಇನ್ನೆಲ್ಲೋ ಒಳಗೇ ಸೋರಿದರೆ ಕೂಲಂಟ್‌ನಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ಎಣ್ಣೆಗೆ ಸೇರುತ್ತದೆ, ಅದು ಬೇರಿಂಗ್‌ಗಳನ್ನು ಹಾಳು ಮಾಡುತ್ತದೆ. ಬರೀ ನೀರಾದರೆ ಎಣ್ಣೆ ಬದಲಾಯಿಸಿ ಉಳಿದುಕೊಳ್ಳಬಹುದು. ಕ್ಯಾಪ್ ಜಾಗಕ್ಕೆ ಕೈಪಂಪ್ ಟೆಸ್ಟರ್ ಹಾಕಿ, ಕ್ಯಾಪ್ ಮೇಲೆ ಬರೆದಿರುವ ಒತ್ತಡದವರೆಗೆ ಏರಿಸಿ, ಅದಕ್ಕಿಂತ ಮೇಲೆ ಬೇಡ. 15 ನಿಮಿಷ ಬಿಡಿ. ಮುಳ್ಳು ಇಳಿಯಬಾರದು. ಇಳಿದರೆ ಟಾರ್ಚ್ ಹಿಡಿದು ಪ್ರತಿ ಹೋಸ್ ತುದಿಯ ಕೆಳಗೆ, ಫ್ರೀಜ್ ಪ್ಲಗ್ ಸುತ್ತ, ಪಂಪ್‌ನ ಸಣ್ಣ ತೂತಿನ ಹತ್ತಿರ ಒಣ ಬೆರಳು ಆಡಿಸಿ. ಹೊರಗೆ ಎಲ್ಲಿಯೂ ಒದ್ದೆ ಇಲ್ಲ, ಮುಳ್ಳು ಮಾತ್ರ ಇಳಿಯುತ್ತಿದೆ ಅಂದರೆ ಡಿಪ್‌ಸ್ಟಿಕ್ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ನೋಡಿ.

ಪಾಸಾದ ಮೇಲೆ ನೀರು ಇಳಿಸಿ. ಎಷ್ಟೇ ಇಳಿಸಿದರೂ ಬ್ಲಾಕ್ ಮತ್ತು ಹೀಟರ್‌ನಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅದಕ್ಕೇ ಮೊದಲೇ ಬೆರೆಸಿದ ಕೂಲಂಟ್ ಹಾಕಿದರೆ ಅದು ಇನ್ನೂ ತೆಳ್ಳಗಾಗುತ್ತದೆ. ಮ್ಯಾನುಯಲ್‌ನಲ್ಲಿರುವ ಒಟ್ಟು ಅಳತೆಯ ಅರ್ಧದಷ್ಟು ಗಟ್ಟಿ ಕೂಲಂಟ್ ಮೊದಲು ಸುರಿದು, ಉಳಿದದ್ದನ್ನು ಡಿಮಿನರಲೈಸ್ಡ್ ನೀರಿನಿಂದ ತುಂಬಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ, ಉಪ್ಪಿನಂಶ ಒಳಗೆ ಪದರ ಕಟ್ಟುತ್ತದೆ. ಕೂಲಂಟ್‌ನ ಬಣ್ಣ ನೋಡಿ ಜಾತಿ ತೀರ್ಮಾನ ಮಾಡಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕ ಬರುತ್ತದೆ. ಡಬ್ಬದ ಮೇಲೆ ಬರೆದಿರುವುದನ್ನು ಓದಿ.

ಗಾಡಿಯ ಮೂತಿ ಎತ್ತಿ ನಿಲ್ಲಿಸಿ, ಕ್ಯಾಪ್ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರಲಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಅದರ ವಾಲ್ವ್ ತೆರೆಯಲಿ. ಬ್ಲೀಡ್ ಸ್ಕ್ರೂ ಎಲ್ಲ ಬಿಚ್ಚಿ. ನಿಧಾನಕ್ಕೆ ಸುರಿಯಿರಿ, ಅವಸರ ಮಾಡಿದಷ್ಟೂ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಬ್ಲೀಡ್ ಸ್ಕ್ರೂನಿಂದ ಮೊದಲು ನೊರೆ ಉಗುಳಿ ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಧಾರೆ. ಧಾರೆ ಬಂದ ಕೂಡಲೇ ಮುಚ್ಚಿ. ಈಗ ಮೇಲಿನ ಹೋಸನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಬಿಡಿ, ಮತ್ತೆ ಹಿಂಡಿ. ಕ್ಯಾಪ್ ಬಾಯಲ್ಲಿ ಗುಳುಗುಳು ಅಂತ ಗುಳ್ಳೆ ಬಂದು ಮಟ್ಟ ಒಮ್ಮೆಲೇ ಇಳಿಯುತ್ತದೆ. ತುಂಬಿ, ಮತ್ತೆ ಹಿಂಡಿ. ಕೆಳಗಿನ ಹೋಸ್, ಹೀಟರ್ ಹೋಸ್‌ಗೂ ಇದೇ ಕೆಲಸ. ಮಟ್ಟ ಇಳಿಯುವುದು ನಿಂತ ಮೇಲೆಯೇ ಕ್ಯಾಪ್. ಒಟ್ಟು ಎಷ್ಟು ಲೀಟರ್ ಹೋಯಿತು ಅಂತ ಲೆಕ್ಕ ಇಡಿ. ಮ್ಯಾನುಯಲ್‌ನ ಅಳತೆಗಿಂತ ಒಂದು ಲೀಟರ್ ಕಡಿಮೆ ಹೋಗಿದ್ದರೆ ಒಳಗೆ ಉಳಿದ ಹಳೇ ನೀರು ಬಿಟ್ಟರೆ ಮಿಕ್ಕಿದ್ದು ಗಾಳಿಯೇ.

ಮೊದಲ ಸ್ಟಾರ್ಟ್

ಹೋಸ್ ಜೋಡಿಸುವಾಗಲೇ ರೇಡಿಯೇಟರ್‌ಗೆ ಎಂಜಿನ್ ಕಡೆಯಿಂದ ನೀರು ಬರುವ ಬಾಯಿಗೆ ಒಂದು ಹಳೇ ನೈಲಾನ್ ಸಾಕ್ಸ್ ತುಂಡು ಕಟ್ಟಿ ಅದರ ಮೇಲೆ ಹೋಸ್ ಏರಿಸುವುದು ಹಳೇ ಮೆಕ್ಯಾನಿಕ್‌ಗಳ ಪದ್ಧತಿ. ಬ್ಲಾಕ್‌ನಲ್ಲಿ ಉಳಿದ ತುಕ್ಕು, ಮರಳು ರೇಡಿಯೇಟರ್ ಸೇರುವ ಮೊದಲು ಅದರಲ್ಲಿ ನಿಲ್ಲುತ್ತದೆ. ನಾನು ಇದನ್ನು ಬಲವಾಗಿ ಹೇಳುತ್ತೇನೆ, ಆದರೆ ಮೊದಲ ಓಟ ಮುಗಿದ ಮೇಲೆ ತೆಗೆಯಲೇಬೇಕು, ತುಂಬಿಕೊಂಡರೆ ಅದೇ ನೀರಿನ ದಾರಿಗೆ ಅಡ್ಡ.

ಫ್ಯಾನ್ ಶ್ರೌಡ್ (ಫ್ಯಾನ್ ಸುತ್ತ ಕೂರುವ ಕವಚ) ಹಾಕಿಯೇ ಸ್ಟಾರ್ಟ್ ಮಾಡಿ. ಗಾಡಿ ನಿಂತಿರುವಾಗ ರೇಡಿಯೇಟರ್‌ಗೆ ಗಾಳಿ ಎಳೆಯುವುದು ಫ್ಯಾನ್ ಒಂದೇ, ಶ್ರೌಡ್ ಇಲ್ಲದಿದ್ದರೆ ಅದು ತನ್ನ ಎದುರಿನ ಜಾಗದಿಂದ ಮಾತ್ರ ಎಳೆಯುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಆದರೆ ಅದು ಬೀಸುವ ದಿಕ್ಕನ್ನು ಕಾಗದ ಹಿಡಿದು ನೋಡಿ. ಮುಂದೆ ಇನ್ನೊಂದು ದೊಡ್ಡ ಫ್ಯಾನ್ ಇಟ್ಟರೆ ಒಳ್ಳೆಯದೇ.

ಸ್ಟಾರ್ಟ್ ಆದ ಮೇಲೆ ಮೀಟರ್ ಒಂದನ್ನೇ ನಂಬಬೇಡಿ. ಸೆನ್ಸರ್ ಸುತ್ತ ಗಾಳಿ ಇದ್ದರೆ ಹೆಡ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗಿನ ಕಡೆಯೇ ಇರುತ್ತದೆ. ಮುಳ್ಳು ಏರಿ ಏರಿ ಸರಕ್ಕನೆ ಕೆಳಗೆ ಬೀಳುವುದು, ಎಂಜಿನ್ ಬಿಸಿಯಾದರೂ ಹೀಟರ್‌ನಿಂದ ತಣ್ಣನೆ ಗಾಳಿ ಬರುವುದು, ಇವೆರಡೂ ಗಾಳಿ ಸಿಕ್ಕಿಕೊಂಡಿರುವ ಗುರುತು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಹೆಡ್, ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರ್‌ನ ಎರಡೂ ಬದಿ ನೋಡುತ್ತಿರಿ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸ್ ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗಬೇಕು. ಆಗಲಿಲ್ಲ, ಹೆಡ್ ಮಾತ್ರ ಏರುತ್ತಿದೆ ಅಂದರೆ ನಿಲ್ಲಿಸಿ. ಕ್ಯಾಮ್ ಹೊಸದು ಅಂತ ಹೆಡ್ ಕಳೆದುಕೊಳ್ಳಬೇಡಿ, ಸರಿಪಡಿಸಿ ಮತ್ತೆ ಓಡಿಸಬಹುದು.

ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದುಕೊಂಡು ತೆಗೆಯುತ್ತೇನೆ ಅನ್ನುವುದೂ ಬೇಡ.

ಪೂರ್ತಿ ತಣ್ಣಗಾದ ಮೇಲೆ, ರಾತ್ರಿ ಬಿಟ್ಟು ಬೆಳಿಗ್ಗೆ ಆದರೆ ಇನ್ನೂ ಒಳ್ಳೆಯದು, ಮಟ್ಟ ನೋಡಿ. ಮೊದಲ ಒಂದೆರಡು ಸಲ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಗೆ ಹೋಗಿದೆ ಅಷ್ಟೇ. ಪ್ರತಿ ಸಲವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಎಂಜಿನ್ ಓಡುತ್ತಿರುವಾಗ ಟ್ಯಾಂಕ್‌ನಲ್ಲಿ ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಅದು ಸಿಕ್ಕಿಕೊಂಡ ಗಾಳಿ ಅಲ್ಲ, ಸಿಲಿಂಡರ್‌ನ ಹೊಗೆ ಹೆಡ್ ಗ್ಯಾಸ್ಕೆಟ್ ದಾಟಿ ಬರುತ್ತಿದೆ. ಸ್ಕ್ರೂ ಕ್ಲಿಪ್‌ಗಳನ್ನು ಒಂದು ಸುತ್ತು ನೋಡಿ, ಹೊಸ ರಬ್ಬರ್ ಒತ್ತಿಕೊಂಡು ಸಡಿಲ ಆಗಿರುತ್ತದೆ, ಸ್ವಲ್ಪ ಸ್ವಲ್ಪ ಬಿಗಿಯಬೇಕು. ಸಾಕ್ಸ್ ತೆಗೆದು ಅದರಲ್ಲಿ ಏನು ಸಿಕ್ಕಿದೆ ನೋಡಿ. ತುಕ್ಕಿನ ಪುಡಿ ಜಾಸ್ತಿ ಇದ್ದರೆ ಕೂಲಂಟ್ ಇಳಿಸಿ ಇನ್ನೊಮ್ಮೆ ತೊಳೆದು ಹೊಸದು ತುಂಬಿ. ಇಳಿಸಿದ ಕೂಲಂಟ್ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು ಕೂಡಲೇ ಮುಚ್ಚಳದ ಕ್ಯಾನ್‌ಗೆ ತುಂಬಿಸಿ. ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಕುಡಿದರೂ ಕಿಡ್ನಿ ಹೋಗಿ ಸಾಯುತ್ತವೆ. ಚರಂಡಿಗೆ ಚೆಲ್ಲಬೇಡಿ, ನೆಲದ ಮೇಲೆ ಬಿದ್ದದ್ದನ್ನು ನೀರು ಹಾಕಿ ಒರೆಸಿ ತೆಗೆಯಿರಿ.